ಬಲಗಡೆ ಸೀಟಿನ ಸಂಪಾದನೆ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಪೈಲಟ್ ತರಬೇತಿಗೆ ಕಳಿಸುವ ಬಗ್ಗೆ ಹೋದ ವಾರ ಓದುಗರೊಬ್ಬರು ಬರೆದಿದ್ದರು. ‘ಏರ್‌ಲೈನ್‌ನಲ್ಲಿ ಕೆಲಸ ಸಿಗದವರು ಫ್ಲೈಯಿಂಗ್ ಸ್ಕೂಲಿನಲ್ಲಿ ಪಾಠ ಹೇಳಿಕೊಂಡು ಕೂರುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಹಾಗೆ ಪಾಠ ಹೇಳಿಕೊಂಡು ಕೂತವನು ನಾನು. ಒಟ್ಟು 26 ವರ್ಷ, ಸೆಸ್ನಾ 152 ಮತ್ತು 172 ಎಂಬ ಚಿಕ್ಕ ತರಬೇತಿ ವಿಮಾನಗಳ ಬಲಗಡೆ ಸೀಟಿನಲ್ಲಿ. ಕಲಿಯುವವರು ಎಡಗಡೆ ಕೂರುತ್ತಾರೆ.

ಅವರ ಮಾತು ಪೂರ್ತಿ ಸುಳ್ಳಲ್ಲ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಿರಬೇಕು. ಅದು ಕೈಗೆ ಬಂದ ಮೇಲೆ, ಕೆಲಸ ಸಿಗುವ ತನಕ ಗಂಟೆ ಕೂಡಿಸಿಕೊಳ್ಳಲು ಬೋಧಕರಾಗುವ ಹುಡುಗರಿದ್ದಾರೆ. ಅವರ ಕಣ್ಣು ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ ಮೇಲಿರುತ್ತದೆ, ಪಕ್ಕದಲ್ಲಿ ಕೂತವರ ಕೈ ಮೇಲಲ್ಲ. ಸಂಬಳವೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ನನಗೆ ಸಿಕ್ಕಿದ್ದನ್ನೂ ಒಂದಿಷ್ಟು ಹೇಳಬೇಕು.

ಅರಸೀಕೆರೆ ಕಡೆಯ ಹದಿನೇಳರ ಹುಡುಗಿ ಒಬ್ಬಳಿದ್ದಳು. ಅವಳ ಅಪ್ಪನದು ತೆಂಗಿನಕಾಯಿ ವ್ಯಾಪಾರ. ಅವಳಿಗೆ ಲ್ಯಾಂಡಿಂಗ್ ಒಂದು ಬಿಟ್ಟು ಎಲ್ಲವೂ ಬರುತ್ತಿತ್ತು. ನೆಲ ಇನ್ನೂ ಹತ್ತು ಹನ್ನೆರಡು ಅಡಿ ಕೆಳಗಿರುವಾಗಲೇ ವಿಮಾನದ ಮೂಗನ್ನು ಪೂರ್ತಿ ಎತ್ತಿಬಿಡುವಳು. ವೇಗ ಸತ್ತು ವಿಮಾನ ಧೊಪ್ಪೆಂದು ಕೂರುತ್ತಿತ್ತು. ‘ರನ್‌ವೇಯ ಆ ಕೊನೆ ನೋಡು, ಕಾಲಬುಡ ನೋಡಬೇಡ’ ಎಂದು ಮೂರು ವಾರ ಕಿರುಚಿದೆ. ಒಂದು ದಿನ ವಿಮಾನ ನಿಂತಿದ್ದಾಗ ಪೆನ್ನು ಬಿತ್ತು ಎಂದು ಅವಳ ಕಡೆ ಬಗ್ಗಿದೆ. ನನ್ನ ತಲೆ ಅವಳ ಕಣ್ಣಿನ ಮಟ್ಟಕ್ಕೆ ಬಂತು. ಅಲ್ಲಿಂದ ಎಂಜಿನ್ ಮುಚ್ಚಳ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ! ರನ್‌ವೇಯ ಕೊನೆಯನ್ನು ಆ ಮಗು ಎಲ್ಲಿಂದ ನೋಡಬೇಕು? ಮಾರನೇ ದಿನ ಹಾಸಿಗೆ ಅಂಗಡಿಯಿಂದ ಮೂರು ಇಂಚಿನ ಫೋಮ್ ಕತ್ತರಿಸಿ ತಂದು ಸೀಟಿಗೆ ಹಾಕಿದೆ. ಆವತ್ತಿನ ನಾಲ್ಕನೇ ಲ್ಯಾಂಡಿಂಗ್‌ನಲ್ಲಿ ಚಕ್ರ ತಾಗಿದ್ದೇ ಗೊತ್ತಾಗಲಿಲ್ಲ. ಮೂರು ವಾರ ಬೈದದ್ದಕ್ಕೆ ಕ್ಷಮೆ ಕೇಳಿದೆ.

ಹತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ಮೂರು ಸುತ್ತು ಒಟ್ಟಿಗೆ ಹಾರಿ, ನಾನು ಇಳಿದೆ. ಖಾಲಿ ಸೀಟಿನ ಬೆಲ್ಟ್ ಕಂಟ್ರೋಲಿಗೆ ಸಿಕ್ಕಿಕೊಳ್ಳದ ಹಾಗೆ ಬಿಗಿದೆ. ‘ನಾನಿಲ್ಲದೆ ಇದು ಹಗುರ. ಬೇಗ ಮೇಲೇರುತ್ತೆ, ಇಳಿಯುವಾಗ ತೇಲುತ್ತೆ. ಹೆದರಬೇಡ’ ಎಂದಷ್ಟೇ ಹೇಳಿದೆ. ರನ್‌ವೇಯಿಂದ ಎದ್ದು, ಸಾವಿರ ಅಡಿಯಲ್ಲಿ ಒಂದು ಸುತ್ತು ಹೊಡೆದು ಇಳಿಯುವುದು ಆರೇಳು ನಿಮಿಷದ ಕೆಲಸ. ಹುಲ್ಲಿನ ಮೇಲೆ ನಿಂತಿದ್ದ ನನ್ನ ಕಾಲು ತಾನಾಗಿ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತುತ್ತಿತ್ತು. ಬೂಟಿನ ಕೆಳಗೆ ಬರೀ ಗರಿಕೆ. ಈಗ ತಿರುಗಬೇಕು, ಈಗ, ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ತಿರುಗಿದಳು. ಇಳಿದ ಮೇಲೆ ಮೆಕ್ಯಾನಿಕ್‌ಗಳು ತಲೆ ಮೇಲೆ ಬಕೆಟ್ ನೀರು ಸುರಿದರು, ಮೊದಲ ಸೋಲೋ, ಅಂದರೆ ಒಬ್ಬರೇ ಹಾರುವುದನ್ನು, ಮುಗಿಸಿದವರಿಗೆ ಅದು ರೂಢಿ. ಅವಳ ಅಪ್ಪ ಮಾತ್ರ ‘ಕಾರಿನ ಲೈಸೆನ್ಸ್‌ಗೆ 18 ತುಂಬಬೇಕು, ವಿಮಾನ ಕಲಿಯೋಕೆ 16 ಸಾಕಾ ಸಾರ್?’ ಎಂದು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಅಂದಿನಿಂದ ಪ್ರತಿ ಗೌರಿಹಬ್ಬಕ್ಕೆ ನಮ್ಮ ಮನೆಗೆ ಒಂದು ಚೀಲ ಕಾಯಿ ಬರುತ್ತದೆ.

ಇನ್ನೊಬ್ಬರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. 52ನೇ ವಯಸ್ಸಿನಲ್ಲಿ ಬಂದರು, ಕೆಲಸಕ್ಕಲ್ಲ, ಸುಮ್ನೆ ಆಸೆಗೆ. ಸ್ಟಾಲ್ ಪಾಠದಲ್ಲಿ ಒದ್ದಾಡಿಬಿಟ್ಟರು. ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದು ಎಂದು ಜಾಸ್ತಿ ಜನ ತಿಳಿದಿದ್ದಾರೆ, ಹಾಗಲ್ಲ. ಮೂಗು ಅತಿಯಾಗಿ ಎತ್ತಿದಾಗ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಳಚಿಕೊಂಡು, ಎತ್ತುವ ಬಲ ಕುಸಿಯುತ್ತದೆ. ವಿಮಾನ ಜಾರುವಾಗ ಹೆದರಿದ ಕೈ ಕಂಟ್ರೋಲನ್ನು ಹಿಂದಕ್ಕೆಳೆಯುತ್ತದೆ. ಮಾಡಬೇಕಾದದ್ದು ಮುಂದಕ್ಕೆ ಒತ್ತುವುದು. ಆ ವಯಸ್ಸಿನ ಕೈ ಬೇಗ ಮಾತು ಕೇಳುವುದಿಲ್ಲ. ಆದರೆ ಮೋಡದ ವಿಷಯದಲ್ಲಿ ಅವರೇ ನನಗೆ ಮೇಷ್ಟ್ರು. ವರ್ಷವರ್ಷ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾದವರಲ್ವಾ? ಏಪ್ರಿಲ್‌ನ ಒಂದು ಬೆಳಿಗ್ಗೆ, ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲ, ‘ಸಾರ್, ಮೂರು ಗಂಟೆಗೆ ಗುಡುಗು, ಮಧ್ಯಾಹ್ನದ ಪಾಠ ಬಿಡಿ’ ಎಂದರು. ನಾನು ನಕ್ಕೆ. ಎರಡೂಮುಕ್ಕಾಲಿಗೆ ವಿಮಾನಗಳನ್ನು ಹ್ಯಾಂಗರ್ ಒಳಗೆ ತಳ್ಳುತ್ತಿದ್ದಾಗ ಬೆನ್ನ ಮೇಲೆ ಆಲಿಕಲ್ಲು ಬೀಳುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಅವರು ಎಡವಿದ್ದು ಹವಾಮಾನದ ಪ್ರಶ್ನೆಗಳಲ್ಲೇ.

ನಮ್ಮ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಸುದ್ದಿ ಬಂದಾಗಲೆಲ್ಲ ದೊಡ್ಡ ವಿಮಾನ ಯಾವಾಗ ಇಳಿಯುತ್ತೆ ಎಂದೇ ಎಲ್ಲರೂ ಕೇಳುತ್ತಾರೆ. ಅದರ ಒಂದು ಮೂಲೆಯಲ್ಲಿ ಎರಡು ಚಿಕ್ಕ ವಿಮಾನ, ಒಂದು ಹ್ಯಾಂಗರ್ ಇರಲಿ ಎಂಬುದು ನನ್ನ ಆಸೆ. ಸರ್ಕಾರದ ಫ್ಲೈಯಿಂಗ್ ಸ್ಕೂಲಿಗೆ ನಮ್ಮ ಮಕ್ಕಳು ಬೆಂಗಳೂರಿನ ಜಕ್ಕೂರಿಗೇ ಹೋಗಬೇಕು. ಹಾಸನ ಮೂರು ಸಾವಿರ ಅಡಿಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಬೇಸಿಗೆ ಬಿಸಿಲಲ್ಲಿ ಇನ್ನೂ ತೆಳು, ವಿಮಾನ ಏಳಲು ಜಾಸ್ತಿ ರನ್‌ವೇ ಬೇಕು. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ರನ್‌ವೇ ಮುಗಿಯುತ್ತಾ ಬರುವುದನ್ನು ಕಣ್ಣಾರೆ ನೋಡುವುದು ಬೇರೆ. ಮಳೆಗಾಲದಲ್ಲಿ ಹಾರಾಟ ಕಮ್ಮಿ, ಒಪ್ಪಿದೆ. ಆಗ ಕೂತು ಓದಿಸಿದರಾಯಿತು.

ಅಲ್ಲಿಯವರೆಗೆ, ಹಾಸನದ ಕಡೆಯ ಮಕ್ಕಳು ಯಾರಾದರೂ ನ್ಯಾವಿಗೇಶನ್, ಹವಾಮಾನದ ಪರೀಕ್ಷೆಗೆ ಓದುತ್ತಿದ್ದರೆ ಬರಲಿ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ದಯವಿಟ್ಟು ಕೊಡಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಫೀಸು ಬೇಡ. ಕಾಯಿಯೂ ಬೇಡ, ಹೋದ ಗೌರಿಹಬ್ಬದ್ದೇ ಇನ್ನೂ ಅರ್ಧ ಚೀಲ ಇದೆ.

— ನಿವೃತ್ತ ವಿಮಾನ ಬೋಧಕ, ಸಾಲಗಾಮೆ ರಸ್ತೆ, ಹಾಸನ