ಆಲೂಗಡ್ಡೆ ಲಾರಿಯ ಬೆಲ್ಟ್ ಹತ್ತಿರ ಹೋಗುವ ಮುಂಚೆ

ಮಾನ್ಯ ಸಂಪಾದಕರೇ,

ಕೆನಡಾಕ್ಕೆ ಓದಲು, ದುಡಿಯಲು ಬರುವ ನಮ್ಮ ಹುಡುಗರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ವೀಸಾ, ಫೀಸು, ಮನೆ ಬಾಡಿಗೆ ಎಲ್ಲ ಇರುತ್ತದೆ. ಬಂದವರು ಇಲ್ಲಿ ಯಾವ ಮಷೀನ್ ಪಕ್ಕ ನಿಂತು ಕೆಲಸ ಮಾಡುತ್ತಾರೆ ಅನ್ನುವುದು ಮಾತ್ರ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನೂರು ಹಾಸನದ ಕಡೆ. ಈಗಿರುವುದು ಮ್ಯಾನಿಟೋಬಾ ಪ್ರಾಂತ್ಯದ ಕಾರ್ಬೆರಿ ಹತ್ತಿರ. ಸುತ್ತ ಎಲ್ಲಿ ನೋಡಿದರೂ ಆಲೂಗಡ್ಡೆ ಹೊಲ. ಇಲ್ಲೂ ಪೋರ್ಟೇಜ್ ಲಾ ಪ್ರೇರಿಯಲ್ಲೂ ಫ್ರೆಂಚ್ ಫ್ರೈಸ್ ಮಾಡುವ ಕಾರ್ಖಾನೆಗಳಿವೆ. ಸೆಪ್ಟೆಂಬರ್‌ನಲ್ಲಿ ಗಡ್ಡೆ ಕೀಳಲು ಶುರು ಮಾಡಿದರೆ ನೆಲ ಹೆಪ್ಪುಗಟ್ಟುವುದರೊಳಗೆ ಮುಗಿಸಬೇಕು. ಅದರಲ್ಲೂ ಗಡ್ಡೆಯ ಒಳಗಿನ ಉಷ್ಣಾಂಶ 7ರಿಂದ 18 ಡಿಗ್ರಿ ಸೆಲ್ಸಿಯಸ್ ಒಳಗಿದ್ದಾಗ ಕಿತ್ತರೆ ಮಾತ್ರ ಒಳ್ಳೆಯದು. ತೀರಾ ತಣ್ಣಗಿದ್ದರೆ ಪೆಟ್ಟಾಗಿ ಒಳಗೆ ಕಪ್ಪಾಗುತ್ತದೆ, ಬಿಸಿ ಜಾಸ್ತಿಯಿದ್ದರೆ ಗೋದಾಮಿನಲ್ಲಿ ಕೊಳೆಯುತ್ತದೆ. ಹಾಗಾಗಿ ಹವಾ ಸರಿಯಿದ್ದ ದಿನ ಎಲ್ಲರಿಗೂ ಆತುರ, ಲಾರಿ ಒಂದರ ಹಿಂದೆ ಒಂದು ನಿಂತಿರುತ್ತವೆ, ಹೊಸದಾಗಿ ಬಂದವನಿಗೆ ಕೆಲಸ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ನಮ್ಮ ಕಡೆ ಆಲೂಗಡ್ಡೆ ಅಂದರೆ ಗೋಣಿಚೀಲ, ಹಮಾಲರು. ಇಲ್ಲಿ ಚೀಲವೇ ಇಲ್ಲ. ಹೊಲದಿಂದ ಸೀದಾ ಲಾರಿಗೆ ಸುರಿಯುತ್ತಾರೆ. ಆ ಲಾರಿಯ ಬಾಕ್ಸ್ ಟಿಪ್ಪರ್ ಥರ ಮೇಲೆ ಏಳುವುದಿಲ್ಲ. ಎರಡು ಪಕ್ಕದ ಗೋಡೆಗಳೂ ಒಳಕ್ಕೆ ಇಳಿಜಾರಾಗಿ ಬಂದು ತಳದಲ್ಲಿ ಒಂದು ಅಗಲವಾದ ಪಟ್ಟಿಯಷ್ಟು ಜಾಗ ಉಳಿಯುತ್ತದೆ, ಆ ತಳದುದ್ದಕ್ಕೂ ಚೈನ್ ಮೇಲೆ ಕೂತ ಬೆಲ್ಟ್ ಓಡುತ್ತದೆ. ಹಿಂದಿನ ಗೇಟ್ ತೆರೆದು ಬೆಲ್ಟ್ ಬಿಟ್ಟರೆ ಗಡ್ಡೆ ನಿಧಾನಕ್ಕೆ ಹಿಂದೆ ಬಂದು ಗೋದಾಮಿನ ಕನ್ವೇಯರ್ ಮೇಲೆ ಬೀಳುತ್ತದೆ. ಮೇಲಿಂದ ಬೀಳುವ ಎತ್ತರ 15 ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಗಡ್ಡೆಗೆ ಪೆಟ್ಟು. ಬಾಕ್ಸ್ ಏಳದ ಕಾರಣ ಕರೆಂಟ್ ತಂತಿಗೆ ತಗಲುವ ಭಯವಿಲ್ಲ, ಲಾರಿ ಮಗುಚುವ ಭಯವೂ ಕಡಿಮೆ. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ಮೇಲೆ ಏಳುವುದಿಲ್ಲ ಅಂತ ಜನ ಇದಕ್ಕೆ ಹೆದರುವುದೇ ಇಲ್ಲ, ತೊಂದರೆ ಇರುವುದು ಅಲ್ಲೇ.

ಬೆಲ್ಟನ್ನು ಎಳೆಯುವ ಶಾಫ್ಟ್ ಸಾಮಾನ್ಯವಾಗಿ ಹಿಂದಿನ ತುದಿಯಲ್ಲಿರುತ್ತದೆ. ಅದಕ್ಕೆ ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಹಲ್ಲಿನ ಚಕ್ರ, ಪಕ್ಕದಲ್ಲಿ ಗೇರ್‌ಬಾಕ್ಸ್, ಅದನ್ನು ತಿರುಗಿಸಲು ಎಣ್ಣೆಯ ಒತ್ತಡದಿಂದ ಓಡುವ ಹೈಡ್ರಾಲಿಕ್ ಮೋಟಾರ್ ಅಥವಾ ಕರೆಂಟ್ ಮೋಟಾರ್. ಮುಂದಿನ ತುದಿಯಲ್ಲಿ ಇನ್ನೊಂದು ಶಾಫ್ಟ್, ಅದರ ಎರಡೂ ಕಡೆ ಬೆಲ್ಟ್ ಬಿಗಿ ಮಾಡುವ ಬೋಲ್ಟ್. ಎರಡೂ ಕಡೆ ಒಂದೇ ಸಮ ಬಿಗಿ ಮಾಡಬೇಕು, ಇಲ್ಲದಿದ್ದರೆ ಬೆಲ್ಟ್ ಒಂದು ಪಕ್ಕಕ್ಕೆ ಎಳೆದು ಅಂಚು ಹರಿಯುತ್ತದೆ. ಸಡಿಲ ಬಿಟ್ಟರೆ ಚೈನ್ ಹಲ್ಲು ಬಿಟ್ಟು ಜಿಗಿಯುತ್ತದೆ, ತೀರಾ ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಗೇಟ್ ತೆರೆಯದೆ ಬೆಲ್ಟ್ ಬಿಡಲೇಬಾರದು, ಬಾಕ್ಸ್‌ನಲ್ಲಿರುವ ಹತ್ತಾರು ಟನ್ ತೂಕವೆಲ್ಲ ಗೇಟಿಗೆ ಒತ್ತಿಕೊಳ್ಳುತ್ತದೆ.

ಒಂದು ಫಾರ್ಮ್‌ನಲ್ಲಿ ನಾನೇ ಕಣ್ಣಾರೆ ನೋಡಿದ್ದು ಹೇಳುತ್ತೇನೆ, ಹೆಸರು ಬೇಡ. ಹಿಂದಿನ ಸ್ಪ್ರಾಕೆಟ್ ಮುಚ್ಚುವ ತಗಡಿನ ಗಾರ್ಡ್ ಬಿಚ್ಚಿ ಗೋದಾಮಿನ ಗೋಡೆಗೆ ಒರಗಿಸಿದ್ದರು, ಅದರ ಮೇಲೆ ಧೂಳು ಕೂತಿತ್ತು, ಅಂದರೆ ಅವತ್ತು ಬಿಚ್ಚಿದ್ದಲ್ಲ. ಚೈನಿಗೂ ಸ್ಪ್ರಾಕೆಟ್‌ಗೂ ನಡುವೆ ಒಂದು ಗಡ್ಡೆ ಸಿಕ್ಕಿಕೊಂಡು ಅರೆದು ಅಂಟಾಗಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗ, ದೊಗಲೆ ಗ್ಲೌಸ್ ಹಾಕಿದ್ದಾನೆ, ತೊಟ್ಟ ಟೋಪಿ ಸ್ವೆಟರಿನ (ಹೂಡಿ) ದಾರ ಕತ್ತಿನಿಂದ ಜೋತಾಡುತ್ತಿದೆ, ಬೆಲ್ಟ್ ಓಡುತ್ತಿರುವಾಗಲೇ ಬಗ್ಗಿ ಕೈ ಹಾಕಲು ಹೋದ. ಪಕ್ಕದಲ್ಲಿದ್ದ ಹಳೇ ಡ್ರೈವರ್ ಕೆಂಪು ಬಟನ್ ಒತ್ತಿ ಅವನ ಭುಜ ಹಿಡಿದು ಹಿಂದಕ್ಕೆ ಎಳೆದರು. ಬೆಲ್ಟ್ ಓಡುವುದು ನಿಧಾನ, ನಿಜ. ಆದರೆ ಹತ್ತಾರು ಟನ್ ಎಳೆಯುವ ಚೈನಿಗೆ ಒಂದು ಕೈ ಯಾವ ಲೆಕ್ಕ? ಅದು ತಡವರಿಸುವುದೂ ಇಲ್ಲ. ಆ ಹುಡುಗನನ್ನು ನಾನು ಬೈಯುವುದಿಲ್ಲ, ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಏನಾದರೂ ಸಿಕ್ಕಿಕೊಂಡರೆ ಬೆಲ್ಟ್ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಕರೆಂಟ್ ಮೋಟಾರ್ ಆದರೆ ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಬೀಳುವ ಕಡೆ ಇಡಿ. ಎಲ್ಲ ಪೂರ್ತಿ ನಿಂತ ಮೇಲೆ ಕೈ ಹಾಕಿ. ಬರೀ ಸ್ವಿಚ್ ನಂಬಬೇಡಿ, ಆ ಕಡೆಯಿಂದ ಬಂದ ಇನ್ನೊಬ್ಬ ಸುಮ್ನೆ ನಿಂತಿದೆಯಲ್ಲ ಅಂತ ಒತ್ತಿಬಿಡುತ್ತಾನೆ.

ಬಾಕ್ಸ್ ಒಳಗೆ ಇಳಿಯುವುದು ಇನ್ನೂ ಕೆಟ್ಟದ್ದು. ಮಳೆ ಬಿದ್ದ ಮೇಲೆ ಮಣ್ಣು ಮೆತ್ತಿಕೊಂಡ ಗಡ್ಡೆ ಕೆಳಗೆ ಜಾರದೆ ಕಮಾನಿನಂತೆ ನಿಂತುಬಿಡುತ್ತದೆ, ಅಡಿಯಲ್ಲಿ ಪೊಳ್ಳು, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಾಲಿಟ್ಟು ಒದ್ದರೆ ಗಡ್ಡೆಯ ಜೊತೆ ನೀವೂ ಬೆಲ್ಟ್ ಮೇಲೆ. ಹೊರಗೆ ನಿಂತು ಉದ್ದನೆಯ ಕೋಲಿನಿಂದ ಬಿಡಿಸಿ, ಅದೂ ಬೆಲ್ಟ್ ನಿಲ್ಲಿಸಿ. ಕೆಲವು ಹಳೇ ಬಾಕ್ಸ್‌ಗಳಲ್ಲಿ ಬೆಲ್ಟಿಗೆ ಪೂರ್ತಿ ಭಾರ ಬೀಳದಿರಲಿ ಅಂತ ಮೇಲೆ ಹಲಗೆ ಹಾಸಿರುತ್ತಾರೆ, ಖಾಲಿಯಾದಂತೆ ಒಂದೊಂದೇ ತೆಗೆಯಬೇಕು. ಓಡುವ ಬೆಲ್ಟ್ ಪಕ್ಕ ಬಾಕ್ಸ್‌ನೊಳಗೆ ನಿಂತು ಆ ಹಲಗೆ ಎಳೆಯಿರಿ ಅಂತ ಯಾರು ಹೇಳಿದರೂ ಒಪ್ಪಬೇಡಿ.

ಹೈಡ್ರಾಲಿಕ್ ಪೈಪ್ ಬಗ್ಗೆಯೂ ಒಂದು ಮಾತು. ಒಳಗಿನ ಎಣ್ಣೆಯ ಒತ್ತಡ 2,000 ಪಿಎಸ್‌ಐ ಆಸುಪಾಸು ಇರಬಹುದು, ಕಾರಿನ ಟೈರಿನಲ್ಲಿ ಇರುವುದು 30ರಿಂದ 35. ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರುವ ಜಾಗ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಕೈಯಿಂದ ಸವರಬೇಡಿ. ತೂರಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಹೆಚ್ಚಿರುವುದಿಲ್ಲ, ಆದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ತಡ ಮಾಡಿದರೆ ಬೆರಳು, ಕೈ ಹೋಗುತ್ತದೆ.

ಮ್ಯಾನಿಟೋಬಾ ಕಾನೂನಿನಲ್ಲಿ ಕೆಲಸಗಾರನಿಗೆ ಅಪಾಯ ಏನು ಅಂತ ತಿಳಿದುಕೊಳ್ಳುವ ಹಕ್ಕಿದೆ, ಅಪಾಯದ ಕೆಲಸ ಮಾಡಲ್ಲ ಅನ್ನುವ ಹಕ್ಕಿದೆ, ಹಾಗೆ ಅಂದದ್ದಕ್ಕೆ ಮಾಲೀಕ ಸೇಡು ತೀರಿಸಿಕೊಳ್ಳುವಂತಿಲ್ಲ. ಹೊರದೇಶದಿಂದ ಬಂದವರಿಗೂ ಇದೇ ಕಾನೂನು. ಆದರೆ ನಮ್ಮ ಹುಡುಗರಿಗೆ ಕೆಲಸ ಹೋದರೆ ಫೀಸು ಕಟ್ಟುವುದು ಹೇಗೆ, ಊರಲ್ಲಿ ಮಾಡಿದ ಸಾಲ ತೀರಿಸುವುದು ಹೇಗೆ ಅನ್ನುವ ಭಯ, ಬಾಯಿ ಬಿಡುವುದಿಲ್ಲ. ಕಳಿಸುವ ಏಜೆಂಟರಂತೂ ಹೊಲದ ಕೆಲಸ, ಏನೂ ಕಷ್ಟವಿಲ್ಲ ಅಂದುಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಫೋನಿನಲ್ಲಿ ಊಟ ಆಯ್ತಾ, ಚಳಿ ಎಷ್ಟಿದೆ ಅಂತ ಕೇಳುತ್ತೀರಲ್ವಾ, ಜೊತೆಗೆ ಮಷೀನ್ ನಿಲ್ಲಿಸುವ ಬಟನ್ ಎಲ್ಲಿದೆ ಅಂತ ತೋರಿಸಿಕೊಟ್ಟರಾ ಅಂತಲೂ ಕೇಳಿ. ತಮ್ಮಲ್ಲೂ ಒಂದು ಕೋರಿಕೆ ಸಂಪಾದಕರೇ, ವಿದೇಶದ ಉದ್ಯೋಗದ ಬಗ್ಗೆ ಬರೆಯುವಾಗ ಇಂಥ ವಿಷಯಕ್ಕೂ ಅರ್ಧ ಕಾಲಂ ಜಾಗ ಕೊಡಿ, ಇಲ್ಲಿ ದುಡಿದು ಬಂದವರಿಂದ ಕನ್ನಡದಲ್ಲೇ ಬರೆಸಿ. ಆಗಸ್ಟ್‌ನೊಳಗೆ ಬಂದರೆ ಈ ಸಲ ಗಡ್ಡೆ ಕೀಳುವ ಕೆಲಸಕ್ಕೆ ಸೇರುವವರ ಕೈಗೆ ಸಿಗುತ್ತದೆ.

ಇತಿ,
ಹಾಸನ ಮೂಲದ ಓದುಗ
ಕಾರ್ಬೆರಿ, ಮ್ಯಾನಿಟೋಬಾ