ಗೆಳೆಯನಿಗೊಂದು ಪತ್ರ: ಕಾಗದವಿಲ್ಲದ ಪುಸ್ತಕಕ್ಕೆ ಕಾಗದದ ಬೆಲೆ

ಗೆಳೆಯಾ,

ಕಾಗದವಿಲ್ಲ, ಅಚ್ಚಿನ ಖರ್ಚಿಲ್ಲ, ಲಾರಿ ಬಾಡಿಗೆ ಇಲ್ಲ, ಆದರೂ ಇ-ಪುಸ್ತಕಕ್ಕೆ ಯಾಕಿಷ್ಟು ದುಡ್ಡು ಅಂತ ಕೇಳಿದ್ದೀಯ. ತುಮಕೂರಿನಲ್ಲೂ ಓದುವವರು ನಾಲ್ಕು ಜನ ಸೇರಿದರೆ ಇದೇ ಮಾತು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರಿಗೆ ಫೋನಿನಲ್ಲಿ ಓದುವುದೇ ಸಲೀಸು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಓದಬಹುದು. ಆದರೆ ನೂರೈವತ್ತು ರೂಪಾಯಿ ಅಂತ ಕಂಡ ಕೂಡಲೇ ಬೆರಳು ಹಿಂದಕ್ಕೆ. ‘ಪಿಡಿಎಫ್ ಇದ್ರೆ ಕಳ್ಸು ಗುರು’ ಶುರುವಾಗುವುದೇ ಅಲ್ಲಿಂದ.

ಪ್ರಕಾಶಕರನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಕರಡು ತಿದ್ದುವವರಿಗೆ, ಮುಖಪುಟ ಮಾಡುವವರಿಗೆ, ಲೇಖಕರಿಗೆ ಕೊಡಬೇಕಾದ್ದು ಇ-ಪುಸ್ತಕವಾದರೂ ತಪ್ಪುವುದಿಲ್ಲ. ಮೇಲೆ ತೆರಿಗೆ ಬೇರೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ 2017ರಲ್ಲಿ ಶೇ 18 ಹಾಕಿದರು. ಮರುವರ್ಷ ಶೇ 5ಕ್ಕೆ ಇಳಿಸಿದರು, ಅದೂ ಅಚ್ಚಿನಲ್ಲೂ ಬಂದಿರುವ ಪುಸ್ತಕಗಳಿಗೆ ಮಾತ್ರ. ಮರ ಉಳಿಸಿದವನಿಗೇ ದಂಡ, ಅಲ್ವಾ? ಕನ್ನಡದವರಿಗಂತೂ ಆಯ್ಕೆಯೂ ಕಡಿಮೆ. 2016ರಲ್ಲಿ ಅಮೆಜಾನ್‌ನವರ ಇ-ಪುಸ್ತಕ ಓದುವ ಸಾಧನ ಕಿಂಡಲ್‌ಗೆ ತಮಿಳು, ಮಲಯಾಳ, ಮರಾಠಿ, ಗುಜರಾತಿ, ಹಿಂದಿ ಬಂದವು, ನಮ್ಮದು ಬರಲಿಲ್ಲ. ಮೈಲ್ಯಾಂಗ್‌ನಂಥ ನಮ್ಮವೇ ಆ್ಯಪ್‌ಗಳು ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ನನಗೆ ಉರಿಯುವುದು ಬೇರೆ ಕಡೆ. ಅಷ್ಟು ದುಡ್ಡು ಕೊಟ್ಟರೂ ಆ ಪುಸ್ತಕ ನನ್ನದಾಗುವುದಿಲ್ಲ. 2009ರಲ್ಲಿ ಅಮೆಜಾನ್, ಕೊಂಡವರ ಕಿಂಡಲ್‌ಗಳಿಂದಲೇ ಪುಸ್ತಕ ಅಳಿಸಿಹಾಕಿದ್ದು ನಿನಗೆ ಗೊತ್ತಲ್ಲ. ದುಡ್ಡೇನೋ ವಾಪಸ್ ಕೊಟ್ಟರು. ಆದರೆ ಅಂಗಡಿಯವನು ಮನೆಗೆ ನುಗ್ಗಿ ಕಪಾಟು ತೆಗೆದ ಹಾಗಾಯಿತು.

ನಮ್ಮಮ್ಮನ ಕಾದಂಬರಿಗಳನ್ನು ನೋಡಬೇಕು ನೀನು. ಎಲ್ಲಕ್ಕೂ ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಓದಲು ಒಯ್ದವರ ಪಟ್ಟಿ: ‘ಹಿಂದಿನ ಬೀದಿ ಟೀಚರ್’, ‘ಗುಬ್ಬಿ ಅತ್ತೆ’, ‘ಮೇಲಿನ ಮನೆಯವರು’. ವಾಪಸ್ ಬಂದರೆ ಹೆಸರಿನ ಮೇಲೊಂದು ಗೀಟು. ಗುಬ್ಬಿ ಅತ್ತೆಯ ಹೆಸರಿಗೆ ಎರಡು ಪುಸ್ತಕಗಳಲ್ಲಿ ಇನ್ನೂ ಗೀಟು ಬಿದ್ದಿಲ್ಲ, ಬೀಳುವುದೂ ಇಲ್ಲ. ಒಂದು ಪುಸ್ತಕ ಕೊಂಡರೆ ಇಡೀ ಬೀದಿ ಓದುತ್ತಿತ್ತು. ಹಾಗೆ ಲೆಕ್ಕ ಹಾಕಿದರೆ ಕಾಗದದ್ದೇ ಅಗ್ಗ.

ಇ-ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಹಳೇ ಪುಸ್ತಕದ ಅಂಗಡಿಗೆ ಮಾರುವ ಹಾಗೂ ಇಲ್ಲ. ಹಾಗಿದ್ದರೆ ಅದು ಬಾಡಿಗೆ. ಬಾಡಿಗೆಯಷ್ಟೇ ತಗೊಳ್ಳಲಿ, ನಾನೂ ಪಿಡಿಎಫ್ ಕೇಳುವವರಿಗೆ ಧೈರ್ಯವಾಗಿ ಬೈಯುತ್ತೇನೆ. ಕೊಂಡೆ ಅನ್ನಿಸಿ ಪೂರ್ತಿ ಬೆಲೆ ಕೀಳುವುದು ಯಾವ ನ್ಯಾಯ?

ನಿನಗೆ ಬೇಕಾದ ಪುಸ್ತಕಗಳ ಪಟ್ಟಿ ಬೇಗ ಕಳಿಸು. ರಾಜ್ಯೋತ್ಸವದ ತಿಂಗಳಲ್ಲಿ ಪುಸ್ತಕ ಪ್ರಾಧಿಕಾರದವರು ಅರ್ಧ ಬೆಲೆಗೆ ಕೊಡುವುದುಂಟು. ತೆಗೆದಿಡುತ್ತೇನೆ. ಆದರೆ ಊರಿಗೆ ಬಂದಾಗಲೇ ತಗೊಂಡು ಹೋಗು, ಅಂಚೆ ಖರ್ಚು ಪುಸ್ತಕಕ್ಕಿಂತ ಜಾಸ್ತಿಯಾಗುತ್ತದೆ. ಅಷ್ಟರೊಳಗೆ ಅಮ್ಮ ಓದಿರುತ್ತಾಳೆ, ಹಿಂದಿನ ಬೀದಿ ಟೀಚರೂ ಓದಿರುತ್ತಾರೆ.

ನಿನ್ನ ಗೆಳೆಯ