ಹುಟ್ಟಿದ ದಿನ ಲೋಕಕ್ಕೆಲ್ಲ ಏಕೆ ಗೊತ್ತಾಗಬೇಕು?

ಮಾನ್ಯ ಸಂಪಾದಕರೇ,

ಪತ್ರಿಕೆಗೆ ಪತ್ರ ಬರೆಯುವವರು ಪೂರ್ಣ ವಿಳಾಸ, ಫೋನ್ ನಂಬರ್ ಕೊಡಬೇಕೆನ್ನುತ್ತೀರಿ. ಅಚ್ಚಾಗುವುದು ಮಾತ್ರ ಹೆಸರು. ಬರೆದವರು ಯಾರೆಂದು ನಿಮಗೆ ಖಾತ್ರಿಯಾದರೆ ಸಾಕು, ಮಿಕ್ಕ ವಿವರ ಓದುಗರಿಗೆ ಬೇಕಿಲ್ಲ. ಕೇಳಿ ಪಡೆದದ್ದನ್ನೆಲ್ಲ ಪ್ರದರ್ಶನಕ್ಕಿಡಬಾರದು ಎಂಬ ಈ ಸಣ್ಣ ಮರ್ಯಾದೆ ಆನ್‌ಲೈನ್ ವೇದಿಕೆಗಳಿಗೆ ಇನ್ನೂ ರೂಢಿಯಾದಂತಿಲ್ಲ.

ವರ್ಷಗಳ ಹಿಂದೆ ಅಂಥ ಒಂದು ಚರ್ಚಾ ವೇದಿಕೆಯ ಸದಸ್ಯನಾಗಿದ್ದೆ. ನಕ್ಷತ್ರದ ಗುರುತಿದ್ದ ಕಡೆಯಲ್ಲೆಲ್ಲ ವಿವರ ತುಂಬಿದ್ದೆ, ಆಮೇಲೆ ಮರೆತೂ ಬಿಟ್ಟಿದ್ದೆ. ಈಚೆಗೆ ಗೂಗಲ್‌ನಲ್ಲಿ ನನ್ನ ಹೆಸರು ಹುಡುಕಿದಾಗ ಆ ಪುಟ ಎದುರಾಯಿತು. ಹುಟ್ಟಿದ ದಿನ, ತಿಂಗಳು, ಇಸವಿ, ಉದ್ಯೋಗ, ಫೋಟೊ, ಕೊನೆಯ ಸಲ ಲಾಗಿನ್ ಆದ ಹೊತ್ತು ಎಲ್ಲವೂ ಇದ್ದವು. ನೋಡಲು ಸದಸ್ಯರೇ ಆಗಬೇಕೆಂದಿಲ್ಲ. ನಡೆಸುವವರನ್ನು ಕೇಳಿದರೆ, ‘ಸೆಟ್ಟಿಂಗ್ಸ್‌ನಲ್ಲಿ ಮರೆಮಾಡುವ ಆಯ್ಕೆ ಇದೆಯಲ್ಲ’ ಎಂಬ ಉತ್ತರ ಬಂತು. ಇತ್ತು, ನಾಲ್ಕು ಪುಟಗಳ ಆಚೆ. ಪಾಸ್‌ವರ್ಡನ್ನೇ ಮರೆತ ಹಳೆಯ ಸದಸ್ಯರು ಅಲ್ಲಿಗೆ ತಲುಪುವುದು ಹೇಗೆ?

‘ಹುಟ್ಟಿದ ದಿನ ತಿಳಿದರೆ ಏನು ಮುಳುಗಿಹೋಗುತ್ತೆ’ ಎನ್ನುವವರಿದ್ದಾರೆ. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಅಂಶ ಹಿಡಿದು ಇದಕ್ಕೆ ಉತ್ತರ ಕೊಟ್ಟು ಎರಡು ದಶಕ ದಾಟಿತು. ಐದಂಕಿಯ ಅಂಚೆ ಸಂಖ್ಯೆ, ಲಿಂಗ, ಪೂರ್ಣ ಜನ್ಮದಿನಾಂಕ ಈ ಮೂರೇ ಗೊತ್ತಿದ್ದರೂ ಆ ದೇಶದ ಶೇ 87ರಷ್ಟು ಜನರನ್ನು ಬೇರೆ ಬೇರೆಯಾಗಿ ಗುರುತಿಸಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಹೆಸರೇ ಬೇಕಿಲ್ಲ! ಗುಪ್ತನಾಮ ಇಟ್ಟುಕೊಂಡಿದ್ದೇವೆ ಎಂದು ನಿಶ್ಚಿಂತರಾಗಿರುವವರು ಹತ್ತು ಕಡೆ ಅದೇ ಗುಪ್ತನಾಮ, ಅದೇ ಫೋಟೊ ಹಾಕಿರುತ್ತಾರೆ. ಒಂದು ಕಡೆ ಕಾಯಿಲೆಯ ಬಗ್ಗೆ ಕೇಳಿದ ಪ್ರಶ್ನೆಗೂ ಮತ್ತೊಂದು ಕಡೆ ಬರೆದ ಉದ್ಯೋಗದ ವಿವರಕ್ಕೂ ಗಂಟು ಹಾಕಲು ಅಷ್ಟು ಸಾಕು.

ಇದಕ್ಕೆ ಕನ್ನ ಹಾಕಬೇಕೆಂದೂ ಇಲ್ಲ. 2021ರ ಏಪ್ರಿಲ್‌ನಲ್ಲಿ ಫೇಸ್‌ಬುಕ್‌ನ 53 ಕೋಟಿಗೂ ಹೆಚ್ಚು ಬಳಕೆದಾರರ ಫೋನ್ ನಂಬರ್ ಮುಂತಾದ ವಿವರ ಬೀದಿಗೆ ಬಿದ್ದಾಗ ಕಂಪನಿ ಕೊಟ್ಟ ಸಮಜಾಯಿಷಿ ಏನು? ಯಾರೂ ಒಳನುಗ್ಗಿಲ್ಲ, ಪರಿಚಿತರನ್ನು ಹುಡುಕಿಕೊಳ್ಳಲು ಕೊಟ್ಟಿದ್ದ ಸೌಲಭ್ಯವನ್ನೇ ಬಳಸಿ 2019ರ ಸೆಪ್ಟೆಂಬರ್‌ಗೂ ಮುನ್ನ ಬಾಚಿಕೊಂಡಿದ್ದಾರೆ ಎಂದು. ಬಾಗಿಲು ತೆರೆದಿಟ್ಟವರ ಬಾಯಲ್ಲಿ ಇದು ಸಮಾಧಾನದ ಮಾತೇ?

ಯುರೋಪ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾದ, ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನ 25ನೇ ವಿಧಿ ವಿಷಯವನ್ನು ಸರಿಯಾದ ತುದಿಯಿಂದ ಹಿಡಿದಿದೆ: ವ್ಯಕ್ತಿ ತಾನಾಗಿ ಮುಂದಾಗದ ಹೊರತು ಆತನ ವಿವರ ಲೆಕ್ಕವಿಲ್ಲದಷ್ಟು ಜನರಿಗೆ ಸಿಗುವಂತಿರಬಾರದು. ಅಂದರೆ ಮುಚ್ಚಿಕೊಳ್ಳುವ ಕೆಲಸ ಸದಸ್ಯನದ್ದಲ್ಲ. ಮೊದಲಿಗೆ ಮುಚ್ಚಿಯೇ ಇರಬೇಕು, ಬೇಕೆಂದವನು ತೆರೆದುಕೊಳ್ಳಲಿ.

ಪರದೆಯ ಹಿಂದೆ ಕುಳಿತು ಬೈಯುವವರ ಕಾಟ ಇದರಿಂದ ಹೆಚ್ಚುತ್ತದೆ ಎಂಬ ಆಕ್ಷೇಪವಿದೆ. ಆ ಕಾಟವೇನು ಸುಳ್ಳಲ್ಲ. ಆದರೆ ಒಬ್ಬನ ಮಾತನ್ನು ಎಷ್ಟು ನಂಬಬೇಕೆಂದು ತಿಳಿಯಲು ಆತ ಹಿಂದೆ ಬರೆದದ್ದು ನೆರವಾಗುತ್ತದೆಯೇ ಹೊರತು ಜನ್ಮದಿನಾಂಕವಲ್ಲ. ಬೈಗುಳಕ್ಕೆ ಕಡಿವಾಣ ಹಾಕಬೇಕಾದ ನಿರ್ವಾಹಕರಿಗೆ ಸದಸ್ಯರ ವಿವರ ಹೇಗೂ ಗೊತ್ತಿರುತ್ತದೆ. ವಯಸ್ಸಿನ ಮಿತಿ ಇದ್ದರೆ ಕೇಳಿ ಖಾತ್ರಿ ಮಾಡಿಕೊಳ್ಳಲಿ, ತೋರಿಸುವುದು ಬೇಡ.

ನನ್ನ ಖಾತೆ ಅಳಿಸಿಬಿಡಿ ಎಂದು ಬರೆದು ಎರಡು ತಿಂಗಳಾಯಿತು. ‘ಪರಿಶೀಲಿಸುತ್ತೇವೆ’ ಎಂದವರು ಆಮೇಲೆ ಸುದ್ದಿಯಿಲ್ಲ. ಹುಟ್ಟುಹಬ್ಬದ ಶುಭಾಶಯ ಮಾತ್ರ ಕಳೆದ ವಾರ ತಪ್ಪದೆ ಬಂತು.

ಇತಿ,
ಒಬ್ಬ ಓದುಗ
(ಹೆಸರು, ವಿಳಾಸ ನಿಮ್ಮಲ್ಲೇ ಇರಲಿ)